ಮೂವತ್ತು ಕಂಪ್ಯೂಟರ್‌ಗೆ ಅಪ್‌ಡೇಟ್: ಒಂದು ಸಲ ಇಳಿಸಿ, ಒಳಗೇ ಹಂಚಿ

ಜುಲೈ ತಿಂಗಳು. ನಾಲ್ಕು ದಿನದ ಮಳೆ ರಜೆ ಮುಗಿದು ದಕ್ಷಿಣ ಕೊಡಗಿನ ಒಂದು ಕಾಲೇಜಿನ ಲ್ಯಾಬ್ ಬಾಗಿಲು ತೆಗೆದಿದ್ದರು. ಥಂಡಿಗೆ ಯಾವುದಾದರೂ ಕೈಕೊಟ್ಟಿದೆಯಾ ನೋಡೋಣ ಎಂದು ನಾನೇ ಮೂವತ್ತೂ ಕಂಪ್ಯೂಟರ್ ಒಟ್ಟಿಗೆ ಆನ್ ಮಾಡಿದೆ. ಹತ್ತು ನಿಮಿಷಕ್ಕೆ ಆಫೀಸಿನ ಗುಮಾಸ್ತರು ಬಂದರು. "ಸರ್, ನೆಟ್ ಇದೆ ಅಂತ ತೋರಿಸ್ತಿದೆ, ಸ್ಕಾಲರ್‌ಶಿಪ್ ಪೇಜ್ ಮಾತ್ರ ಸುತ್ತುತ್ತಾನೇ ಇದೆ." ಲೈನ್ ಸರಿಯಾಗೇ ಇತ್ತು. ಬಾಕಿ ಬಿದ್ದ ಅಪ್‌ಡೇಟ್‌ಗಳನ್ನು ಮೂವತ್ತೂ ಮಿಷಿನ್ ಏಕಕಾಲಕ್ಕೆ ಎಳೆಯುತ್ತಿದ್ದವು. ತಪ್ಪು ನನ್ನದೇ.

ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಯ ಹೂವಿಗೆ ನೀರು ಹೊಡೆಯುವಾಗ, ಇರುವ ಸ್ಪ್ರಿಂಕ್ಲರ್ ಎಲ್ಲವನ್ನೂ ಒಂದೇ ಮೋಟಾರಿಗೆ ಹಾಕಿದರೆ ಯಾವುದೂ ಸರಿಯಾಗಿ ತಿರುಗುವುದಿಲ್ಲ. ಒಂದು ಕಡೆ ಮುಗಿಸಿ, ಪೈಪ್ ಎತ್ತಿ, ಮುಂದಿನ ಜಾಗಕ್ಕೆ ಹೋಗುತ್ತೇವೆ, ಅಲ್ವಾ? ಅಪ್‌ಡೇಟ್‌ಗೂ ಹಾಗೇ ಸರದಿ ಬೇಕು. ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಒಂದು ಮಿಷಿನ್‌ಗೆ ಬಂದದ್ದನ್ನು ಅದು ಪಕ್ಕದ ಮಿಷಿನ್‌ಗೆ ಕೊಡಬಲ್ಲದು.

ಮೊದಲು ಲೆಕ್ಕ

ನಿಮ್ಮ ಲೈನ್ 20 ಎಂಬಿಪಿಎಸ್ ಎಂದುಕೊಳ್ಳಿ. ಅಪ್‌ಡೇಟ್ 800 ಎಂಬಿ. ಎಂಬಿಪಿಎಸ್‌ನಲ್ಲಿ ಇರುವುದು ಬಿಟ್, ಫೈಲಿನ ಎಂಬಿಯಲ್ಲಿ ಇರುವುದು ಬೈಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಒಂದು ಮಿಷಿನ್‌ಗೆ ಲೈನ್ ಪೂರ್ತಿ ಸಿಕ್ಕರೂ ಐದು ನಿಮಿಷದ ಮೇಲಾಗುತ್ತದೆ. ಮೂವತ್ತಕ್ಕೆ 24 ಜಿಬಿ, ಅಂದರೆ 2 ಗಂಟೆ 40 ನಿಮಿಷ. ಅಷ್ಟು ಹೊತ್ತೂ ಬೇರೆ ಯಾರೂ ನೆಟ್ ಮುಟ್ಟಬಾರದು. ಅದೇ 800 ಎಂಬಿಯನ್ನು ಒಳಗಿನ ಕೇಬಲ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ಕಳಿಸಿದರೆ? ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಹಳೆಯ 100 ಎಂಬಿಪಿಎಸ್‌ನದೇ ಆಗಿದ್ದರೂ ಒಂದು ನಿಮಿಷ ಚಿಲ್ಲರೆ ಸಾಕು.

ಕಂಪನಿಯವರು ಹೇಳಿದ ಸ್ಪೀಡ್ ನಂಬಿ ಲೆಕ್ಕ ಹಾಕಬೇಡಿ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಕೆಲಸ ಜೋರಾಗಿರುವ ಹನ್ನೊಂದಕ್ಕೆ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ, ಕಡಿಮೆ ಬಂದದ್ದನ್ನೇ ಇಟ್ಟುಕೊಳ್ಳಿ.

ಹಂಚಿಕೆ ಆನ್ ಮಾಡಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಶನ್ಸ್, ಡೆಲಿವರಿ ಆಪ್ಟಿಮೈಸೇಶನ್‌ಗೆ ಹೋಗಿ. ಬೇರೆ ಕಂಪ್ಯೂಟರ್‌ಗಳಿಂದ ಇಳಿಸಿಕೊಳ್ಳಲು ಬಿಡುವ ಸ್ವಿಚ್ ಅಲ್ಲಿದೆ, ಅದನ್ನು ಆನ್ ಮಾಡಿ. ಕೆಳಗೆ ಎರಡು ಆಯ್ಕೆ ಕಾಣುತ್ತವೆ. ಲೋಕಲ್ ನೆಟ್‌ವರ್ಕ್ ಮಾತ್ರ ಎನ್ನುವುದನ್ನು ಆರಿಸಿ. ಇಂಟರ್ನೆಟ್ಟೂ ಸೇರಿರುವುದನ್ನು ಒತ್ತಿದರೆ ನಿಮ್ಮ ಅಪ್‌ಲೋಡ್ ಖರ್ಚಿನಲ್ಲಿ ಊರಿನವರಿಗೆಲ್ಲ ಹಂಚಿದ ಹಾಗಾಗುತ್ತದೆ.

ಇದು ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಆ ಲ್ಯಾಬ್‌ನಲ್ಲಿ ಹಿಂದೆ ಯಾರೋ "ನೆಟ್ ಉಳಿಯಲಿ" ಎಂದು ಒಂದೊಂದಾಗಿ ಎಲ್ಲದರಲ್ಲೂ ಆಫ್ ಮಾಡಿದ್ದರು. ಪುಣ್ಯಾತ್ಮರು!

ಆನ್ ಮಾಡಿಯೂ ಹಂಚಿಕೆ ನಡೆಯದಿದ್ದರೆ ಮೂರು ಜಾಗ ನೋಡಿ. ಈ ಹಂಚಿಕೆ ನಡೆಯುವ ಬಾಗಿಲು, ಅಂದರೆ 7680 ನಂಬರಿನ ಪೋರ್ಟನ್ನು, ಕಾವಲು ಕಾಯುವ ಫೈರ್‌ವಾಲ್ ತಡೆದಿರಬಹುದು. ವೈಫೈ ಗೆಸ್ಟ್ ನೆಟ್‌ವರ್ಕ್‌ನಲ್ಲಿದ್ದರೆ ಮಿಷಿನ್‌ಗಳು ಒಂದನ್ನೊಂದು ನೋಡುವುದೇ ಇಲ್ಲ. ಹೋಂಸ್ಟೇ ನಡೆಸುವವರ ಆಫೀಸಿನಲ್ಲಿ ಈ ಗೋಳು ಜಾಸ್ತಿ. ಇನ್ನು ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ ಅದು ಬೇರೆಯವಕ್ಕೆ ಕೊಡುವುದಿಲ್ಲ, ಚಾರ್ಜರ್ ಹಾಕಿಡಿ.

ಮಿತಿ ಹಾಕುವಾಗ ಎಡವುವ ಜಾಗ

ಅದೇ ಪೇಜಿನಲ್ಲಿ ಸ್ಪೀಡ್ ಮಿತಿ ಹಾಕಲು ಜಾಗ ಇದೆ. ಹೆಚ್ಚಿನವರು ಇಲ್ಲೇ ಎಡವುವುದು. ನೀವು ಹಾಕುವ ಮಿತಿ ಆ ಒಂದು ಮಿಷಿನ್‌ಗೆ ಮಾತ್ರ. 2 ಎಂಬಿಪಿಎಸ್ ಅಂದರೆ ಎಷ್ಟು ಮಹಾ ಎನಿಸುತ್ತದೆ, ಆದರೆ ಮೂವತ್ತು ಸೇರಿದರೆ 60 ಆಯಿತು. 20ರ ಲೈನಿನಲ್ಲಿ ಅರ್ಧ ಆಫೀಸ್ ಕೆಲಸಕ್ಕೆ ಉಳಿಯಬೇಕು ಎಂದರೆ ಒಂದು ಸರದಿಗೆ ಐದೇ ಮಿಷಿನ್, ತಲಾ 2.

ಮಿತಿಯಲ್ಲೂ ಎರಡು ಬಗೆ ಇದೆ, ಬ್ಯಾಕ್‌ಗ್ರೌಂಡ್ ಮತ್ತು ಫೋರ್‌ಗ್ರೌಂಡ್. ತಾನಾಗಿ ಇಳಿಯುವುದು ಬ್ಯಾಕ್‌ಗ್ರೌಂಡ್. ಯಾರಾದರೂ ಸುಮ್ನೆ ಕೂರಲಾರದೆ "ಚೆಕ್ ಫಾರ್ ಅಪ್‌ಡೇಟ್ಸ್" ಒತ್ತಿದರೆ ಅದು ಫೋರ್‌ಗ್ರೌಂಡ್, ನೀವು ಮೊದಲನೆಯದಕ್ಕೆ ಹಾಕಿದ ಮಿತಿ ಅದಕ್ಕೆ ತಾಗುವುದಿಲ್ಲ. ಎರಡನ್ನೂ ತುಂಬಿ. ಒಂದು ಸಮಾಧಾನ ಏನೆಂದರೆ, ಒಳಗಿನ ಮಿಷಿನ್‌ನಿಂದ ಬರುವುದಕ್ಕೆ ಈ ಮಿತಿ ಅಡ್ಡ ಬರುವುದಿಲ್ಲ. ಅದು ತನ್ನ ಪಾಡಿಗೆ ಜೋರಾಗಿಯೇ ಓಡುತ್ತದೆ.

ಬುಧವಾರ ಎರಡು, ಶುಕ್ರವಾರ ಉಳಿದವು

ಮೈಕ್ರೋಸಾಫ್ಟ್ ತಿಂಗಳ ದೊಡ್ಡ ಅಪ್‌ಡೇಟ್ ಬಿಡುವುದು ಎರಡನೇ ಮಂಗಳವಾರ. ನಮಗೆ ಅದು ರಾತ್ರಿ 10.30, ಅಮೆರಿಕದಲ್ಲಿ ಚಳಿಗಾಲವಾದರೆ 11.30. ಅಂದರೆ ಬುಧವಾರ ಬೆಳಿಗ್ಗೆ ಕಚೇರಿ ತೆರೆದಾಗ ಹೊಡೆತ ಬೀಳುತ್ತದೆ. ಮಂಗಳವಾರ ಸಂಜೆಯೇ ಎರಡು ಮಿಷಿನ್ ಬಿಟ್ಟು ಉಳಿದದ್ದರಲ್ಲೆಲ್ಲ ಅಪ್‌ಡೇಟನ್ನು ಒಂದು ವಾರಕ್ಕೆ ತಡೆದಿಡಿ (ಪಾಝ್ ಅಪ್‌ಡೇಟ್ಸ್). ಹೊಸತು ಬಂದ ಕೂಡಲೇ ಬೇಕು ಎನ್ನುವ ಸ್ವಿಚ್ಚೂ ಅಲ್ಲೇ ಮೇಲೆ ಇರುತ್ತದೆ. ಅದು ಆಫ್ ಇರಲಿ.

ಆ ಎರಡು ಮಿಷಿನ್ ಯಾವುವು? ಹಳೆಯ ಪ್ರಿಂಟರ್ ಸಿಕ್ಕಿಸಿರುವುದು ಒಂದು, ಬಿಲ್ಲಿಂಗ್ ಸಾಫ್ಟ್‌ವೇರ್ ಓಡುವುದು ಒಂದು. ಸಹಕಾರ ಸಂಘವಾದರೆ ಪಾಸ್‌ಬುಕ್ ಪ್ರಿಂಟರ್ ಇರುವ ಕೌಂಟರ್. ಕೈಕೊಡುವುದಾದರೆ ಅಲ್ಲೇ ಮೊದಲು. ಬುಧವಾರ ಇಳಿಸಿ, ಗುರುವಾರ ಒಂದು ಪಾಸ್‌ಬುಕ್ ಹಾಕಿ ಗೆರೆ ಸರಿ ಬೀಳುತ್ತಾ ನೋಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್ ಎಲ್ಲ ಕಡೆ ಒಟ್ಟಿಗೆ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಮಲಗಿದ್ದು ನೆನಪಿರಬಹುದು.

ಹಾಗೆಂದು ವಾರಗಟ್ಟಲೆ ಪರೀಕ್ಷೆ ಮಾಡುತ್ತ ಕೂರಬೇಡಿ. ಇಳಿದ ಫೈಲನ್ನು ಆ ಮಿಷಿನ್ ಹಂಚಲು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಮೂರು ದಿನ. ಶುಕ್ರವಾರದೊಳಗೆ ಉಳಿದವನ್ನು ಐದೈದಾಗಿ ರೆಸ್ಯೂಮ್ ಮಾಡಿದರೆ ಹೊರಗಿನ ಲೈನಿಗೆ ಹೆಚ್ಚು ಭಾರ ಬೀಳುವುದಿಲ್ಲ. ಸೋಮವಾರಕ್ಕೆ ಹೋದರೆ ಮತ್ತೆ ಮೊದಲಿನಿಂದ.

ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದ್ದರೆ ಕೆಲಸ ಇನ್ನೂ ಸುಲಭ. ಮೂಲೆಯಲ್ಲಿ ಬಿದ್ದಿರುವ ಹಳೆಯ ಮಿಷಿನ್‌ನಲ್ಲಿ ಆಪ್ಟ್ ಕ್ಯಾಷರ್ ಎನ್‌ಜಿ (ಒಮ್ಮೆ ಇಳಿದದ್ದನ್ನು ಇಟ್ಟುಕೊಂಡು ಉಳಿದವಕ್ಕೆ ಕೊಡುವ ಸಾಫ್ಟ್‌ವೇರ್) ಹಾಕಿ, ಉಳಿದವು ಅದರ 3142 ಪೋರ್ಟಿನಿಂದ ತೆಗೆದುಕೊಳ್ಳುವಂತೆ ಮಾಡಿದರೆ ಮುಗಿಯಿತು. ನೂರಾರು ವಿಂಡೋಸ್ ಮಿಷಿನ್ ಇದ್ದರೆ ಅಪ್‌ಡೇಟ್‌ಗಳನ್ನು ಒಂದೇ ಕಡೆ ಇಳಿಸಿ ಹಂಚುವ ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್‌ಯುಎಸ್ ಸರ್ವರ್ ಉಂಟು. ಅದಕ್ಕೆ ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಮೂವತ್ತು ಮಿಷಿನ್‌ಗೆ ಅಷ್ಟು ದೊಡ್ಡ ಸಂಸಾರ ಬೇಡ ಎನ್ನುವುದು ನನ್ನ ಅಭಿಪ್ರಾಯ.

ರಾತ್ರಿ ಬಿಡಿ ಎನ್ನುವ ಸಲಹೆ

ಎಲ್ಲ ಕಡೆ ಹೇಳುವುದು ಇದನ್ನೇ: ರಾತ್ರಿ ಬಿಟ್ಟು ಹೋಗಿ, ಬೆಳಿಗ್ಗೆ ಆಗಿರುತ್ತದೆ. ಬೆಂಗಳೂರಿಗೆ ಸರಿ. ಇಲ್ಲಿ ಮಳೆಗಾಲದಲ್ಲಿ ಯಾವ ಮರ ಯಾವ ಲೈನಿನ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು. ಏಪ್ರಿಲ್–ಮೇ ತಿಂಗಳಲ್ಲಿ ಸಿಡಿಲಿಗೆ ಹೆದರಿ ಸಂಜೆಯೇ ರೂಟರ್ ವೈರ್ ಕಿತ್ತು ಹೋಗುತ್ತೇವೆ. ಹಾಗಾಗಿ ನಾನು ಇಟ್ಟುಕೊಂಡಿರುವ ಹೊತ್ತು ಮಧ್ಯಾಹ್ನದ ಊಟದ ಸಮಯ, ಒಂದರಿಂದ ಎರಡು. ಜನ ಇರುತ್ತಾರೆ, ನೆಟ್ ಖಾಲಿ ಇರುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಆಫೀಸಿನಲ್ಲಿ ಕೂಲಿ ಲೆಕ್ಕದ ದಿನ ಮಾತ್ರ ಬೇಡ.

ಇಳಿಯುವಾಗ ಕರೆಂಟ್ ಹೋದರೆ ಚಿಂತೆಯಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಇನ್‌ಸ್ಟಾಲ್ ಆಗಿ ರೀಸ್ಟಾರ್ಟ್ ಆಗುವಾಗ ಹೋಗಬಾರದು. ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ ಎಂದು ಮೊದಲೇ ಒಮ್ಮೆ ಪ್ಲಗ್ ತೆಗೆದು ನೋಡಿಕೊಳ್ಳಿ. ದೂರದಲ್ಲಿ ಗುಡುಗು ಕೇಳಿತೋ, 90 ಪರ್ಸೆಂಟ್ ಆಗಿದೆ, ಇನ್ನು ಹತ್ತೇ ಎಂದು ಕಾಯಬೇಡಿ. ರೂಟರ್ ವೈರ್ ಕೀಳಿ. ಹತ್ತು ಪರ್ಸೆಂಟ್ ನಾಳೆ ಇಳಿಯುತ್ತದೆ, ಸುಟ್ಟ ರೂಟರ್‌ಗೆ ಬದಲಿ ಮೈಸೂರಿನಿಂದ ಬರಬೇಕು.