ಮನಿ, ಅಂಗಡಿ ಹೊಂದಿಸೋದು ಹೆಂಗ? ಡಬ್ಬಿ ಕಡೀಕ ತಗೋರಿ

ದೀಪಾವಳಿ ಬಂತಂದ್ರ ಅಟ್ಟದ ಮ್ಯಾಲಿನ ಸಾಮಾನೆಲ್ಲ ಕೆಳಗ ಇಳಿಸೋದು, ಧೂಳ ಝಾಡಿಸಿ ಮತ್ತ ಅಲ್ಲೇ ಏರಿಸೋದು, ಹುಬ್ಬಳ್ಳಿ-ಧಾರವಾಡದಾಗ ಭಾಳ ಮನಿ ಕಥಿ ಇದ. ಹಸನ ಆಗ್ತೈತಿ ಖರೆ, ಸಾಮಾನು ಒಂದೂ ಕಮ್ಮಿ ಆಗಂಗಿಲ್ಲ. ಈಗ ಇದಕ್ಕಂತನ ರೊಕ್ಕ ತಗೊಂಡು ಬರೋ ಪ್ರೊಫೆಷನಲ್ ಆರ್ಗನೈಜರ್‌ಗಳು ಅದಾರ. ಅವರು ಕಸ ಹೊಡಿಯೋರಲ್ಲ, ಯಾವ್ದು ಇಡೋದು ಯಾವ್ದು ಬಿಡೋದು ಅಂತ ನಿಮ್ಮ ಜೋಡಿ ಕುಂತು ಆರಿಸಿ, ಉಳಿದಿದ್ದಕ್ಕ ಜಾಗಾ ಮಾಡಿ ಕೊಡೋರು. ಕರದ್ರ ತಾಸಿನ ಲೆಕ್ಕನೋ ಪೂರ್ತಿ ಕೆಲಸದ ಲೆಕ್ಕನೋ, ಬ್ಯಾಡಾದ ಸಾಮಾನು ಯಾರು ಸಾಗಸೋರು, ಇಷ್ಟು ಮೊದಲೇ ಕೇಳ್ರಿ. ಕರೀಲಿಲ್ಲಂದ್ರೂ ಕೆಲಸದ ಕ್ರಮ ಒಂದ.

ಮೊದಲು ಖೋಲಿ ಹಿಡೀಬ್ಯಾಡ್ರಿ, ಒಂದು ಜಾತಿ ಸಾಮಾನು ಹಿಡೀರಿ. ಅರಿವಿ ಅಂದ್ರ ಕಪಾಟು, ಟ್ರಂಕು, ಬಾಗಲ ಹಿಂದಿನ ಮೊಳಿ, ಎಲ್ಲಾ ಕಡೆದೂ ತಂದು ಪಡಸಾಲ್ಯಾಗ ಸುರೀರಿ. ರಾಶಿ ನೋಡಿ ನಿಮಗ ಗಾಬರಿ ಆಗ್ಬೇಕು.

ಆಮ್ಯಾಲೆ ಮೂರು ಪಾಲು: ಉಡೋವು, ಕೊಡೋವು, ಕೌದಿಗೆ ಹೋಗೋವು. ಕೌದಿ ಪಾಲಿನಾಗ ಹುಷಾರ್ ಇರ್ರಿ! ನಮ್ಮವ್ವ ಹಳೇ ಹತ್ತಿ ಸೀರಿ, ಅಪ್ಪನ ಧೋತರ ಎಲ್ಲಾ ಸೇರಿಸಿ ಹನ್ನೊಂದು ಗಂಟು ಕಟ್ಟಿದ್ಲು, ಪ್ರತಿ ವರ್ಷ "ಬರೋ ಬ್ಯಾಸಗಿಗೆ ಹೊಲಸೂಣು" ಅಂತಿದ್ಲು, ಕಡೀಕ ಬಿಚ್ಚಿ ನೋಡಿದ್ರ ನಾಕು ಗಂಟು ಇಲಿ ಪಾಲಾಗಿತ್ತು. ಹೊಲಿಯೋರನ್ನ ಗೊತ್ತು ಮಾಡಿ ಅದೇ ವಾರ ಕೊಟ್ಟುಬಿಡ್ರಿ. ಹಂಗಂತ ಹಿರಿಯರ ಟ್ರಂಕಿಗೆ ಅವರನ್ನ ಕೇಳ್ದ ಕೈ ಹಾಕಬ್ಯಾಡ್ರಿ ಮತ್ತ.

ಅಂಗಡಿಯವರು ಕಾಗದದಿಂದ ಶುರು ಮಾಡ್ರಿ. ರದ್ದಿಯವರನ್ನ ಕರಿಯೋ ಮುಂದ ನೆನಪಿರ್ಲಿ, ಜಿಎಸ್‌ಟಿ ಲೆಕ್ಕಪತ್ರ ಆ ವರ್ಷದ ವಾರ್ಷಿಕ ರಿಟರ್ನ್ ಕೊಡೋ ಕಡೇ ತಾರೀಕಿನಿಂದ 72 ತಿಂಗಳು ಇಡಬೇಕು, ಕೇಸು ನಡದಿದ್ರ ಇನ್ನೂ ಹೆಚ್ಚು. ವರ್ಷಕ್ಕೊಂದು ಫೈಲು, ಮ್ಯಾಲೆ ದಪ್ಪ ಅಕ್ಷರದಾಗ ವರ್ಷ, ಸಾಕು.

ಮಾಲಿಗೆ ಜಪಾನಿನ ಕಾರ್ಖಾನೆಯವರ 5ಎಸ್ ಪದ್ಧತಿ, ಅಂದ್ರ ಕೆಲಸದ ಜಾಗಾ ಐದು ಹೆಜ್ಜಿಯಾಗ ಹೊಂದಿಸೋ ಕ್ರಮ, ಛಲೋ. ಅದರಾಗ ಬ್ಯಾಡಾದ್ದು ಬ್ಯಾರೆ ಮಾಡೋದ ಮೊದಲನೇ ಕೆಲಸ. ಡೌಟ್ ಇದ್ದ ಸಾಮಾನಿಗೆ ತಾರೀಕು ಬರದು ಕೆಂಪು ಚೀಟಿ ಕಟ್ಟಿ ಒಂದು ಮೂಲಿಗೆ ಇಡ್ರಿ, ತಿಂಗಳಾದ್ರೂ ಯಾರೂ ಮುಟ್ಟಲಿಲ್ಲಂದ್ರ ಗುಜರಿಗೆ. ದಿನಾ ಖರ್ಚಾಗೋದು ಸೊಂಟದಿಂದ ಭುಜದ ಎತ್ತರದಾಗ, ಹಳೇ ಮಾಲು ಮುಂದ, ಹೊಸಾದು ಹಿಂದ.

ಡಬ್ಬಿ, ಬುಟ್ಟಿ ಎಲ್ಲಾ ಆದಮ್ಯಾಲೆ, ಟೇಪ್ ಹಿಡದು ಅಳದು ತಗೋರಿ. ನಾ ಉಲ್ಟಾ ಮಾಡಿದೆ. ಹುಬ್ಬಳ್ಳಿ ದುರ್ಗದ ಬೈಲ್ ಪ್ಯಾಟಿಗೆ ಹೋಗಿ ಮೊದಲ ಹನ್ನೆರಡು ಪ್ಲಾಸ್ಟಿಕ್ ಡಬ್ಬಿ ತಂದೆ, ನಮ್ಮ ಕಪಾಟು ಹನ್ನೆರಡು ಇಂಚು ಒಳಗ, ಡಬ್ಬಿ ಹದಿನೈದು. ಈಗ ಅವೂ ಅಟ್ಟದ ಮ್ಯಾಲೆ ಅದಾವ, ಖಾಲಿ.