ಲೈಸೆನ್ಸ್ ಇದ್ದ ಮೇಲೆ ಸಂಘ ಯಾಕೆ? ಒಬ್ಬ ಮಸಾಜ್ ಥೆರಪಿಸ್ಟ್ ಆಗಿ ನನ್ನ ಅನುಭವ

ನಾನು ಟೆಕ್ಸಾಸ್‌ನಲ್ಲಿ ಮಸಾಜ್ ಥೆರಪಿಸ್ಟ್. ಡಲ್ಲಾಸ್ ಹತ್ತಿರ ಒಂದು ಸಣ್ಣ ಕೋಣೆ ಬಾಡಿಗೆ ಹಿಡಿದು ಕೆಲಸ ಮಾಡುತ್ತೇನೆ. ಊರು ಸಾಗರದ ಕಡೆ. ನಮ್ಮ ಓಣಿಯಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದ ಅಜ್ಜಿಯನ್ನು ನೋಡಿಕೊಂಡೇ ಬೆಳೆದವಳು. ಹಾಗಾಗಿ ಕೆಲಸ ನನಗೆ ಹೊಸದಾಗಿರಲಿಲ್ಲ, ಅದರ ಸುತ್ತ ಇರುವ ಕಾಗದಪತ್ರ ಮಾತ್ರ ಪೂರ್ತಿ ಹೊಸದು.

ಇತ್ತೀಚೆಗೆ ಮಸಾಜ್ ಕೋರ್ಸ್ ಸೇರಲು ಹೊರಟಿರುವ ಇಬ್ಬರು ಕನ್ನಡದವರು ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ಲೈಸೆನ್ಸ್ ಸಿಕ್ಕಿದ ಮೇಲೆ ಅಸೋಸಿಯೇಷನ್ ಯಾಕೆ? ವರ್ಷಕ್ಕೆ ಹೆಚ್ಚುಕಮ್ಮಿ 200 ಡಾಲರ್ ಸುಮ್ನೆ ಯಾಕೆ ಕೊಡಬೇಕು?" ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಸಂಘದ ಸದಸ್ಯತ್ವ ಬೇರೆ, ಲೈಸೆನ್ಸ್ ಬೇರೆ. ಲೈಸೆನ್ಸ್ ಕೊಡುವುದು ರಾಜ್ಯ. ಇಲ್ಲಿ 500 ಗಂಟೆಯ ಕೋರ್ಸ್ ಮುಗಿಸಬೇಕು. ಅದರಲ್ಲಿ 200 ಗಂಟೆ ಕೈಕೆಲಸ, ಉಳಿದದ್ದರಲ್ಲಿ ದೇಹರಚನೆ, ಕಾಯಿಲೆಗಳ ಪಾಠ, 45 ಗಂಟೆ ಕಾನೂನು ಮತ್ತು ವೃತ್ತಿಯ ನೀತಿನಿಯಮ, ಕೊನೆಗೆ 50 ಗಂಟೆ ನಿಜವಾದ ಕ್ಲೈಂಟ್‌ಗಳ ಮೇಲೆ ಇಂಟರ್ನ್‌ಶಿಪ್. ಆಮೇಲೆ ಎಂಬ್ಲೆಕ್ಸ್ ಅನ್ನುವ ಪರೀಕ್ಷೆ, 100 ಪ್ರಶ್ನೆ. ನ್ಯೂಯಾರ್ಕ್‌ನಲ್ಲಾದರೆ 1000 ಗಂಟೆ ಓದಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಲೈಸೆನ್ಸ್ ಅಂತಲೇ ಇಲ್ಲ, ಅಲ್ಲಿ ಸಿಎಎಂಟಿಸಿ ಅನ್ನುವ ಸಂಸ್ಥೆಯ ಪ್ರಮಾಣಪತ್ರ ನಡೆಯುತ್ತದೆ. ಯಾವ ಸಂಘ ಸೇರಿದರೂ ಇದ್ಯಾವುದೂ ತಪ್ಪುವುದಿಲ್ಲ.

ಕೋರ್ಸ್ ಮಾಡುವಾಗಲೇ ನಾನು ಎಬಿಎಂಪಿ ಅನ್ನುವ ಮಸಾಜ್ ಥೆರಪಿಸ್ಟ್‌ಗಳ ಸಂಘಕ್ಕೆ ವಿದ್ಯಾರ್ಥಿ ಸದಸ್ಯೆಯಾದೆ. ನಿಜ ಹೇಳಬೇಕೆಂದರೆ ಪರೀಕ್ಷೆಗೆ ಅವರು ಕೊಡುವ ಅಭ್ಯಾಸದ ಪ್ರಶ್ನೆಗಳಿಗೋಸ್ಕರ. ಇಂಗ್ಲಿಷಿನಲ್ಲಿ ಸ್ನಾಯುಗಳ ಹೆಸರು ಬಾಯಿಪಾಠ ಮಾಡುವುದು ನನಗೆ ತುಂಬಾ ಕಷ್ಟವಾಗಿತ್ತು, ಮಗಳನ್ನು ಮಲಗಿಸಿ ರಾತ್ರಿ ಹನ್ನೊಂದರ ತನಕ ಆ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಬಿಡಿಸುತ್ತಿದ್ದೆ. ನಮ್ಮ ಕೆಲಸದಿಂದ ಕ್ಲೈಂಟ್‌ಗೆ ತೊಂದರೆಯಾದರೆ ಪರಿಹಾರ ಕೊಡುವ ವಿಮೆ ಇಂಟರ್ನ್‌ಶಿಪ್ ಹೊತ್ತಿನಲ್ಲೂ ಇರುತ್ತದೆ ಅನ್ನುವುದು ಆಗ ಗಮನಕ್ಕೇ ಬಂದಿರಲಿಲ್ಲ.

ಇಲ್ಲಿ ಮಸಾಜ್ ಥೆರಪಿಸ್ಟ್‌ಗಳು ಹೆಚ್ಚಾಗಿ ಸೇರುವುದು ಎರಡು ದೊಡ್ಡ ಸಂಘಗಳಿಗೆ. ಎಎಂಟಿಎ, ಅಂದರೆ ಅಮೆರಿಕನ್ ಮಸಾಜ್ ಥೆರಪಿ ಅಸೋಸಿಯೇಷನ್, ಹಳೆಯದು. 1943ರಲ್ಲಿ ಶಿಕಾಗೋದಲ್ಲಿ ಶುರುವಾದದ್ದು. ಅದು ಸದಸ್ಯರದ್ದೇ ಸಂಘ, ರಾಜ್ಯಕ್ಕೊಂದು ಚಾಪ್ಟರ್ (ಶಾಖೆ), ಪದಾಧಿಕಾರಿಗಳನ್ನು ಸದಸ್ಯರೇ ಆರಿಸುತ್ತಾರೆ. ಎಬಿಎಂಪಿ 1987ರದ್ದು, ಕೊಲರಾಡೋ ಕಡೆಯದು. ಅಲ್ಲಿ ಚಾಪ್ಟರ್, ಚುನಾವಣೆ ಇಲ್ಲ, ಸೌಲಭ್ಯಗಳ ಮೇಲೆ ಗಮನ ಜಾಸ್ತಿ. ವಿಮೆ ಎರಡರಲ್ಲೂ ಸದಸ್ಯತ್ವದ ಜೊತೆಗೇ ಬರುತ್ತದೆ. ಒಂದು ಘಟನೆಗೆ 20 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 60 ಲಕ್ಷ ಡಾಲರ್ ತನಕ. ಇಷ್ಟು ದೊಡ್ಡ ಮೊತ್ತ ಯಾರಿಗೆ ಬೇಕು ಅಂತ ನಾನೂ ಅಂದುಕೊಂಡಿದ್ದೆ.

ಆಮೇಲೆ ಎಳ್ಳೆಣ್ಣೆಯ ಪ್ರಸಂಗ ಆಯಿತು.

ನನ್ನ ಹತ್ತಿರ ಬರುವವರಲ್ಲಿ ಅಭ್ಯಂಗ ಕೇಳಿಕೊಂಡು ಬರುವವರು ಬಹಳ. ಆವತ್ತು ಬಂದವರು ನಲವತ್ತರ ಆಸುಪಾಸಿನ ಅಮೆರಿಕನ್ ಹೆಂಗಸು. ನನ್ನ ಫಾರಂನಲ್ಲಿ ಕಡಲೆಕಾಯಿ, ಬಾದಾಮಿ, ಗೋಡಂಬಿ ಅಲರ್ಜಿ ಇದೆಯಾ ಅಂತ ಕೇಳಿದ್ದೆ. ಇಲ್ಲ ಅಂತ ಗುರುತು ಹಾಕಿದ್ದರು. ಯಾವ ಎಣ್ಣೆ ಅಂತ ಕೇಳಿದಾಗ "ಹರ್ಬಲ್ ಆಯಿಲ್" ಅಂದುಬಿಟ್ಟೆ. ಅದು ಗಿಡಮೂಲಿಕೆ ಹಾಕಿ ಕಾಯಿಸಿದ ಎಳ್ಳೆಣ್ಣೆ. ಎಳ್ಳಿನಿಂದ ಯಾರಿಗಾದರೂ ತೊಂದರೆ ಆಗಬಹುದು ಅನ್ನುವುದು ನನ್ನ ತಲೆಗೇ ಹೋಗಿರಲಿಲ್ಲ, ಯಾಕಂದರೆ ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಎಳ್ಳು, ಚಳಿಗಾಲಕ್ಕೆ ಎಳ್ಳುಂಡೆ, ದೀಪಾವಳಿಗೆ ಎಳ್ಳೆಣ್ಣೆ ಸ್ನಾನ, ಎಳ್ಳಿಲ್ಲದ ವರ್ಷವನ್ನೇ ನಾನು ಕಂಡಿಲ್ಲ. ಆದರೆ ಅಮೆರಿಕದಲ್ಲಿ 2023ರ ಜನವರಿ 1ರಿಂದ ಆಹಾರದ ಪೊಟ್ಟಣದ ಮೇಲೆ ಎಳ್ಳನ್ನು ಒಂಬತ್ತನೆಯ ಮುಖ್ಯ ಅಲರ್ಜಿ ಪದಾರ್ಥ ಅಂತ ನಮೂದಿಸಲೇಬೇಕು. ಅಷ್ಟು ಜನರಿಗೆ ಅದು ಆಗಿಬರುವುದಿಲ್ಲ.

ಇಪ್ಪತ್ತು ನಿಮಿಷ ಆಗಿರಬಹುದು. ಬೆನ್ನ ಮೇಲೆ ಕೆಂಪು ದದ್ದು ಎದ್ದವು, ತೋಳಿಗೂ ಹರಡಿತು. ನನ್ನ ಕೈಕಾಲು ತಣ್ಣಗಾಯಿತು. ಒದ್ದೆ ಟವೆಲ್‌ನಿಂದ ಎಣ್ಣೆ ಒರೆಸಿದೆ, ಉಸಿರಾಟಕ್ಕೆ ತೊಂದರೆ ಇದೆಯಾ ಅಂತ ಕೇಳುತ್ತಲೇ ಇದ್ದೆ, ಅವರ ಗಂಡನಿಗೆ ಫೋನ್ ಮಾಡಿ ಕರೆಸಿ ಹತ್ತಿರದ ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕಳಿಸಿದೆ. ದೇವರ ದಯೆ, ಮಾತ್ರೆ ಇಂಜೆಕ್ಷನ್‌ನಲ್ಲೇ ಇಳಿಯಿತು. ಮೂರು ವಾರದ ಮೇಲೆ ಒಂದು ಪತ್ರ ಬಂತು. ಆಸ್ಪತ್ರೆಯ ಬಿಲ್ಲು, ಕೆಲಸಕ್ಕೆ ಹೋಗಲಾಗದ ದಿನಗಳ ಸಂಬಳ, ಎಲ್ಲ ಕೊಡಿ ಅಂತ.

ನನ್ನ ಗಂಡ "ಕ್ಷಮೆ ಕೇಳಿ ದುಡ್ಡು ಕೊಟ್ಟುಬಿಡೋಣ" ಅಂದರು. ನಮ್ಮ ಕಡೆಯ ರೀತಿ ಅದೇ ಅಲ್ವಾ. ಅದಕ್ಕೆ ಮುಂಚೆ ಸಂಘದ ನಂಬರಿಗೆ ಒಮ್ಮೆ ಫೋನ್ ಮಾಡಿದೆ. ಆ ಕಡೆಯವರು ನಿಧಾನವಾಗಿ ಹೇಳಿದರು: ನೀವಾಗಿ ಉತ್ತರ ಬರೆಯಬೇಡಿ, ಇಷ್ಟು ಕೊಡುತ್ತೇನೆ ಅಂತ ಒಪ್ಪಿಕೊಳ್ಳಬೇಡಿ, ಪತ್ರ, ಫಾರಂ, ಆವತ್ತಿನ ನೋಟ್ಸ್ ಕಳಿಸಿ. ಪ್ರತಿ ಕ್ಲೈಂಟ್‌ಗೂ ಅವತ್ತವತ್ತೇ ಸೋಪ್ (SOAP) ನೋಟ್ಸ್ ಅನ್ನುವ ಟಿಪ್ಪಣಿ ಬರೆಯುವ ಅಭ್ಯಾಸ ಕೋರ್ಸಿನಲ್ಲಿ ಆಗಿತ್ತು. ಕ್ಲೈಂಟ್ ಏನು ಹೇಳಿದರು, ನಾನು ಏನು ಕಂಡೆ, ಏನು ಮಾಡಿದೆ, ಮುಂದೇನು, ಹೀಗೆ ನಾಲ್ಕು ಸಾಲು. ಯಾವ ಎಣ್ಣೆ, ಎಷ್ಟು ಗಂಟೆಗೆ ದದ್ದು ಕಂಡಿತು, ಯಾವಾಗ ಕಳಿಸಿದೆ, ಎಲ್ಲ ಇತ್ತು. ಅಲ್ಲಿಂದ ಮುಂದೆ ಮಾತುಕತೆ ವಿಮೆಯವರದ್ದೇ. ಆ ಹೆಂಗಸಿಗೆ ಬರಬೇಕಾದದ್ದು ಬಂತು. ನನಗೆ ಸಮಾಧಾನ ಕೊಟ್ಟದ್ದು ಅದು, ತಪ್ಪು ನನ್ನದೇ ಆಗಿತ್ತಲ್ಲ.

ಈಗ ನನ್ನ ಫಾರಂನಲ್ಲಿ ಎಳ್ಳು ಮೊದಲನೇ ಸಾಲು. ಎಣ್ಣೆ ಬಾಟಲಿ ಕೈಗೇ ಕೊಟ್ಟು ಅದರಲ್ಲಿರುವುದನ್ನೆಲ್ಲ ಓದಿಸಿದ ಮೇಲೇ ಟೇಬಲ್ ಮೇಲೆ ಮಲಗಿಸುತ್ತೇನೆ.

ಸೇರುವ ಮುಂಚೆ ನೋಡಬೇಕಾದ್ದು ಒಂದಿದೆ. ವಿಮೆ ಘಟನೆ ನಡೆದ ದಿನದ ಮೇಲೆ ನಿಂತಿದೆಯೋ, ದೂರು ಬಂದ ದಿನದ ಮೇಲೋ ಕೇಳಿ. ಮೊದಲನೆಯದಾದರೆ ಘಟನೆ ನಡೆದಾಗ ನೀವು ಸದಸ್ಯರಾಗಿದ್ದರೆ ಸಾಕು, ಆಮೇಲೆ ಸದಸ್ಯತ್ವ ಬಿಟ್ಟಿದ್ದರೂ ರಕ್ಷಣೆ ಇರುತ್ತದೆ. ದೂರು ತಡವಾಗಿಯೇ ಬರುವುದು. ಹಾಗೇ, ಬಾಡಿಗೆ ಕೊಟ್ಟವರು ತಮ್ಮ ಹೆಸರನ್ನೂ ವಿಮೆಯಲ್ಲಿ ಸೇರಿಸಿ ಅಂತ ಕೇಳುತ್ತಾರೆ, ಅದಕ್ಕೂ ಸಂಘದಲ್ಲಿ ವ್ಯವಸ್ಥೆ ಇದೆ.

ಎರಡು ವರ್ಷದ ಮೇಲೆ ನಾನು ಎಎಂಟಿಎಗೂ ಸೇರಿದೆ. ಎರಡೆರಡು ಸಂಘ ದುಬಾರಿ ಅಂತ ಗೊತ್ತು, ಎಲ್ಲರಿಗೂ ಬೇಕಿಲ್ಲ. ನನಗೆ ಬೇಕಾಗಿದ್ದದ್ದು ಜನ. ನಮ್ಮ ಕೆಲಸ ಬಾಗಿಲು ಮುಚ್ಚಿದ ಕೋಣೆಯೊಳಗೆ ಒಬ್ಬಳೇ ಮಾಡುವ ಕೆಲಸ. ಇನ್ನೊಬ್ಬ ಥೆರಪಿಸ್ಟ್ ಹೇಗೆ ಕೈ ಇಡುತ್ತಾರೆ ಅಂತ ವರ್ಷಗಟ್ಟಲೆ ನೋಡದೆ ಇರಬಹುದು. ಆ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳು ದಿನಾ ರಾತ್ರಿ ನೋಯುತ್ತಿತ್ತು, ಐಸ್ ಇಟ್ಟುಕೊಂಡು ಮಲಗುತ್ತಿದ್ದೆ, ಈ ಕೆಲಸ ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ಮನಸ್ಸಿನಲ್ಲಿ ತೀರ್ಮಾನವೇ ಆಗಿತ್ತು.

ಇಲ್ಲಿ ಎರಡು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಲು 12 ಗಂಟೆ ಹೆಚ್ಚಿನ ತರಬೇತಿ ಬೇಕು. ಅದಕ್ಕೆ ಟೆಕ್ಸಾಸ್ ಚಾಪ್ಟರ್‌ನ ಒಂದು ಕಾರ್ಯಾಗಾರಕ್ಕೆ ಹೋದೆ. ಇಪ್ಪತ್ತೈದು ವರ್ಷ ಕೆಲಸ ಮಾಡಿದ ಒಬ್ಬ ಹಿರಿಯರು ನನ್ನ ಪಕ್ಕ ನಿಂತು ಎರಡು ನಿಮಿಷ ನೋಡಿದರು. ಆಮೇಲೆ ನನ್ನ ಟೇಬಲ್ಲಿನ ಎತ್ತರವನ್ನು ಎರಡು ತೂತಿನಷ್ಟು ಕೆಳಗಿಳಿಸಿದರು. ಹೆಬ್ಬೆರಳು ಹಿಂದಕ್ಕೆ ಬಾಗುತ್ತಿದೆ, ಬಲ ಬೆರಳಿನಿಂದ ಬರಬಾರದು, ಹೆಜ್ಜೆ ಮುಂದಿಟ್ಟು ಮೈಭಾರ ಬಿಡಿ, ದೊಡ್ಡ ಸ್ನಾಯುಗಳಿಗೆ ಮುಂಗೈ ಬಳಸಿ ಅಂದರು. ತಿಂಗಳು ಒಂದೂವರೆಯಲ್ಲಿ ಐಸ್ ಬಿಟ್ಟೆ. ಆವತ್ತು ಆ ಕಾರ್ಯಾಗಾರಕ್ಕೆ ಹೋಗದೆ ಇದ್ದಿದ್ದರೆ ನಾನು ಈಗ ಬೇರೆ ಯಾವುದೋ ಕೆಲಸದಲ್ಲಿರುತ್ತಿದ್ದೆ.

ಇನ್ನೊಂದು ಮಾತು, ಹೆಂಗಸರಿಗೆ ಮುಖ್ಯವಾಗಿ. ಈ ಕೆಲಸದ ಹೆಸರು ಹೇಳಿಕೊಂಡು ಕೆಟ್ಟ ಉದ್ದೇಶದಿಂದ ಫೋನ್ ಮಾಡುವವರು ಇದ್ದೇ ಇರುತ್ತಾರೆ. ಮೊದಮೊದಲು ಫೋನ್ ಇಟ್ಟು ಅಳುತ್ತಿದ್ದೆ. ಈಗ ಸಂಘದ ನೀತಿಸಂಹಿತೆಯನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಬುಕಿಂಗ್ ಫಾರಂನಲ್ಲೂ ಸೇರಿಸಿದ್ದೇನೆ. ಯಾವುದೇ ಹೊತ್ತಿನಲ್ಲಿ ಮಸಾಜ್ ನಿಲ್ಲಿಸಿ ಹೊರಗೆ ಹೋಗುವ ಹಕ್ಕು ನನಗಿದೆ ಅಂತ ಆ ಫಾರಂನಲ್ಲಿ ಬರೆದಿದ್ದೇನೆ. ಒಮ್ಮೆ ಹಾಗೆ ನಿಲ್ಲಿಸಿಯೂ ಇದ್ದೇನೆ.

ಆ ಇಬ್ಬರಲ್ಲಿ ಒಬ್ಬರು ಮೊನ್ನೆ ವಿದ್ಯಾರ್ಥಿ ಸದಸ್ಯತ್ವ ಮಾಡಿಸಿ ರಸೀದಿಯ ಫೋಟೋ ಕಳಿಸಿದರು. ಇನ್ನೊಬ್ಬರು ಕೋರ್ಸ್ ಮುಗಿದ ಮೇಲೆ ನೋಡೋಣ ಅಂದಿದ್ದಾರೆ. ಇಂಟರ್ನ್‌ಶಿಪ್ ಶುರುವಾಗುವ ಮುಂಚೆ ಮಾಡಿಸಿಬಿಡಮ್ಮ ಅಂತ ನಾಳೆ ಮತ್ತೆ ಫೋನ್ ಮಾಡಬೇಕು.