ಹಳೇ ಹೂವರ್ ಯಾವ ಮಾಡೆಲ್? ಮೊದಲು ತಿರುಗಿಸಿ ನೋಡಿ

ಅಮೆರಿಕದ ಓಹಾಯೋದಲ್ಲಿ ಮನೆಯ ಹಳೇ ಸಾಮಾನೆಲ್ಲ ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ ಹಳೇ ಅಪ್‌ರೈಟ್ (ನೆಟ್ಟಗೆ ನಿಲ್ಲುವ) ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ಬರವಿಲ್ಲ. ಇವುಗಳನ್ನು ತಯಾರಿಸಿದ ಹೂವರ್ ಕಂಪನಿ ಬೆಳೆದದ್ದು ಇಲ್ಲಿನ ನಾರ್ತ್ ಕ್ಯಾಂಟನ್‌ನಲ್ಲಿ, ಕರ್ಬಿ ಕ್ಲೀವ್‌ಲ್ಯಾಂಡ್‌ನಲ್ಲಿ. ನಮ್ಮೂರಿನ ರೆಡ್ ಆಕ್ಸೈಡ್ ನೆಲಕ್ಕೆ ಪೊರಕೆ ಸಾಕಾಗಿತ್ತು. ಇಲ್ಲಿ ಮನೆ ತುಂಬಾ ಕಾರ್ಪೆಟ್, ಅದಕ್ಕೇ ಇವುಗಳ ಕಾರುಬಾರು.

ನಾನು ಜಾಸ್ತಿ ಹುಡುಕುವುದು ಹೂವರ್ ಕನ್ವರ್ಟಿಬಲ್. 1957ರಲ್ಲಿ ಮಾಡೆಲ್ 65 ಆಗಿ ಶುರುವಾಯಿತು. ಆಮೇಲೆ ಎಷ್ಟೋ ವರ್ಷ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಹಾಗಾಗಿ ದೂರದಿಂದ ನೋಡಿ ಇದು ಇಂಥದ್ದೇ ಅಂತ ಹೇಳುವುದು ಕಷ್ಟ. ಮಾರುವವರು ಧೂಳು ತುಂಬುವ ಬ್ಯಾಗಿನ ಬಣ್ಣ ನೋಡಿ ಹೆಸರಿಡುತ್ತಾರೆ. ಆದರೆ ಮೊದಲು ಹರಿಯುವುದೇ ಬ್ಯಾಗು, ಅಲ್ವಾ? ರಿಪೇರಿ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಹಾಕಿ ಕೊಟ್ಟಿರುತ್ತಾರೆ. ಹಿಡಿಕೆ, ವೈರು, ಮುಂದಿನ ಲೈಟು, ಬ್ರಷ್ ರೋಲರ್ ಎಲ್ಲದರ ಕಥೆಯೂ ಅಷ್ಟೇ. ಸುಲಭವಾಗಿ ಬಿಚ್ಚಿ ಬದಲಾಯಿಸಬಹುದಾದ ಭಾಗವನ್ನು ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ.

ಪ್ಲಗ್ ಕಿತ್ತು, ಮೆಷಿನ್ನನ್ನು ಅಂಗಾತ ಮಲಗಿಸಿ, ತಳದ ಪ್ಲೇಟ್ ಹುಡುಕುತ್ತೇನೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ವೋಲ್ಟೇಜ್ ಎಲ್ಲಾ ಅಲ್ಲಿರುತ್ತದೆ. ಅಚ್ಚೊತ್ತಿದ ನಂಬರ್ ಸವೆದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಕು, ಇಲ್ಲವೇ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಬೇಕು. ಶಾಯಿಯ ಅಕ್ಷರವಾದರೆ ಸ್ಪಿರಿಟ್ ಹಚ್ಚಲೇಬೇಡಿ, ಕೊಳೆಯ ಜೊತೆ ಅಕ್ಷರವೂ ಹೋಗುತ್ತದೆ. ಮುಂದಿನ ಕಾಲದ ಹೂವರ್‌ಗಳಲ್ಲಿ ಯು ಅಕ್ಷರ, ಅದರ ಪಕ್ಕ ನಾಲ್ಕು ಅಂಕಿ. ಅದಾದ ಮೇಲೆ ಒಂದು ಅಡ್ಡಗೆರೆ ಎಳೆದು ಇನ್ನೂ ಕೆಲವು ಅಂಕಿ ಇರುತ್ತವೆ. ಬಹಳ ಜನ ಅವನ್ನು ಬಿಟ್ಟು ಬರೆದುಕೊಳ್ಳುತ್ತಾರೆ. ಒಂದೇ ಮಾಡೆಲ್‌ನ ಒಳಭೇದಗಳು ಬೇರೆಯಾಗುವುದು ಅಲ್ಲೇ.

ಪ್ಲೇಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಪೇಟೆಂಟ್ ನಂಬರ್‌ಗಳ ಸಾಲು. ಅಮೆರಿಕದ ಪೇಟೆಂಟ್ ನಂಬರ್ 20 ಲಕ್ಷ ಮುಟ್ಟಿದ್ದು 1935ರಲ್ಲಿ, 30 ಲಕ್ಷ 1961ರಲ್ಲಿ, 40 ಲಕ್ಷ 1976ರಲ್ಲಿ. ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರ್ 30 ಲಕ್ಷ ದಾಟಿದ್ದರೆ, ಆ ಪ್ಲೇಟ್ 1961ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಆದರೆ ಇದು ಹೇಳುವುದು ಒಂದು ಕಡೆಯ ಗಡಿ ಮಾತ್ರ. ಅದೇ ಪಟ್ಟಿಯನ್ನು ಕಂಪನಿ ವರ್ಷಗಟ್ಟಲೆ ಅಚ್ಚು ಹಾಕಿರಬಹುದು. ಇಂಥದ್ದೇ ಇನ್ನೊಂದು ಸುಳಿವು ಕಂಪನಿಯ ವಿಳಾಸದಿಂದ ಸಿಗುತ್ತದೆ. ನಮ್ಮ ಪಿನ್ ಕೋಡ್‌ನಂಥ ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ಲೇಬಲ್‌ನಲ್ಲಿ ಅದಿದ್ದರೆ ಮೆಷಿನ್ ಆಮೇಲಿನದು.

ಪ್ಲೇಟೇ ಇಲ್ಲದಿದ್ದರೆ? ಆಗ ಒಡಲು ಮತ್ತು ಮೋಟಾರ್ ನೋಡಬೇಕು. ಮಾಡೆಲ್ 65ರಲ್ಲಿ ಪೈಪ್ ಜೋಡಿಸುವ ಕನ್ವರ್ಟರ್ ಸಿಕ್ಕಿಸಿದ ಕೂಡಲೇ ಮೋಟಾರ್ ವೇಗ ಹೆಚ್ಚುತ್ತದೆ. ಸದ್ದು ಏರುವುದು ಕಿವಿಗೇ ಗೊತ್ತಾಗುತ್ತದೆ. ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಮುಸುಕು ಇದ್ದು ಒಡಲು ಅನುಮಾನ ಬರುವಷ್ಟು ಹಗುರವಾಗಿದ್ದರೆ ನನ್ನ ಎದೆ ಬಡಿತವೇ ಏರುತ್ತದೆ. 1936ರ ಮಾಡೆಲ್ 150 ಇರಬಹುದು! ಹೆನ್ರಿ ಡ್ರೈಫಸ್ ವಿನ್ಯಾಸ ಮಾಡಿದ್ದು, ಮೆಗ್ನೀಸಿಯಂ ಬಳಸಿದ್ದು.

ಕರ್ಬಿಗಳ ಬಗ್ಗೆ ಹೆಚ್ಚು ಹೇಳಲಾರೆ. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದರಿಂದ ಅವು ಬೆರಕೆಯಾಗಿರುವುದೇ ಜಾಸ್ತಿ. ತಾನಾಗಿ ಮುಂದೆ ಸಾಗುವ ಗೇರ್ ಇದ್ದರೆ 1990ರ ಜನರೇಷನ್ 3 ಅಥವಾ ಅದರ ನಂತರದ್ದು. ಸಿಯರ್ಸ್ ಅಂಗಡಿಯವರು ತಮ್ಮ ಹೆಸರಿನಲ್ಲಿ ಮಾರಿದ ಕೆನ್‌ಮೋರ್ ಆದರೆ ಮಾಡೆಲ್ ನಂಬರ್‌ನಲ್ಲಿ ಚುಕ್ಕಿಗೆ ಮೊದಲಿನ ಮೂರಂಕಿ ನೋಡಿ, ನಿಜವಾಗಿ ತಯಾರಿಸಿದ್ದು ಯಾರು ಅಂತ ತಿಳಿಯುತ್ತದೆ.

ನನ್ನ ಹತ್ತಿರ ಇರುವ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿದ್ದೇನೆ: ಒಡಲು ಯಾವ ಮಾಡೆಲ್, ಬ್ಯಾಗ್ ಯಾವುದು, ಹಿಡಿಕೆ ಯಾವುದು, ಪ್ಲೇಟ್ ಇದೆಯೋ ಇಲ್ಲವೋ. ಅಪ್ಪಟ ಅಂತ ಬರೆದ ಚೀಟಿ ಕಡಿಮೆ. ಊರಿಗೆ ಒಂದು ತಗೊಂಡು ಬಾ ಅನ್ನುವ ಗೆಳೆಯರಿಗೂ ಪ್ಲೇಟಿನ ಫೋಟೋನೇ ಕಳಿಸುತ್ತೇನೆ. ಅದರಲ್ಲಿ 120 ವೋಲ್ಟ್ ಅಂತ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಸಿಕ್ಕಿಸಿದರೆ ಮೋಟಾರ್ ಸುಟ್ಟುಹೋಗುತ್ತದೆ.